ಪಿಟೀಲಿನ ಮೊಣಕಾಲ ಬಳಿ ಒಂದು ರೆಕಾರ್ಡರ್

ಹೊಟ್ಟೆ ಉರಿಯಲು ಬೆಂಕಿಪೊಟ್ಟಣ ಬೇಕಿಲ್ಲ, ಪೆನ್ಸಿಲ್ ಸೆಲ್ಲಿನಲ್ಲಿ ಓಡುವ ಅಂಗೈಯಗಲದ ರೆಕಾರ್ಡರ್ ಸಾಕು ಎಂಬುದು ಲಿಫ್ಟ್ ಮೆಕ್ಯಾನಿಕ್ಕಿಗೆ ಆ ಭಾನುವಾರ ಗೊತ್ತಾಯಿತು. ಅದನ್ನು ಆರಿಸಿ ಕೊಡಿಸಿದವನು ತಾನೇ ಎಂಬುದು ಇನ್ನಷ್ಟು ಉರಿಸುವ ಸಂಗತಿ.

ಭಾನುವಾರ ಮಧ್ಯಾಹ್ನ ಕನ್ನಡಕದಂಗಡಿಗೆ ರಜೆ. ಷಟರ್ ಅರ್ಧ ಇಳಿಸಿ, ಕಣ್ಣು ಪರೀಕ್ಷೆಯ ಕುರ್ಚಿಯನ್ನು ಗೋಡೆಗೆ ಸರಿಸಿದರೆ ಹಾಡಿನ ಕೂಟಕ್ಕೆ ಜಾಗ ಸಿದ್ಧ. ಅಂಗಡಿಯ ಒಡತಿ ಹಾಡುವವಳಲ್ಲ, ಬಾರಿಸುವವಳೂ ಅಲ್ಲ, ಕೇಳುವವಳು. ಹಾಡುವುದು ಅವಳ ಚಿಕ್ಕಮ್ಮ. ಪಿಟೀಲು ನುಡಿಸುವುದು ಎದುರಿನ ಬ್ಯಾಂಕಿನ ಕ್ಯಾಷಿಯರ್. ನಮ್ಮ ಮೆಕ್ಯಾನಿಕ್ಕನದು ತಾನೇ ಜೋಡಿಸಿದ ಮರದ ಡಬ್ಬಾ. ಅದರ ಮೇಲೇ ಕೂತು, ಕಾಲಿನ ನಡುವೆ ಕೈ ಇಳಿಬಿಟ್ಟು ಬಡಿಯುವುದು. ಬೇರೆಯವರು ತಾಳಕ್ಕೆ ಅಂಕಿ ಎಣಿಸಿದರೆ ಇವನು ಮಾತು ಗೊಣಗುತ್ತಿದ್ದ. 'ಮೇಲಿನ ಮಹಡಿ, ಕೆಳಗಿನ ಮಹಡಿ' ಎಂದು ಬಾಯಲ್ಲಿ ಬಂದರೆ ಸಾಕು, ಕೈ ತಾನಾಗಿ ಹದಕ್ಕೆ ಬರುತ್ತಿತ್ತು.

ಚಿಕ್ಕಮ್ಮ ಸದ್ಯದಲ್ಲೇ ದೂರದೂರಿನ ಮಗಳ ಮನೆಗೆ ಹೋಗುವವರಿದ್ದರು. ಅಷ್ಟರೊಳಗೆ ಅವರ ಹಾಡುಗಳನ್ನು ಹಿಡಿದಿಡಬೇಕು, ಯಾವ ಮಿಷಿನ್ ಕೊಳ್ಳೋಣ ಎಂದು ಕನ್ನಡಕದವಳು ಎಲ್ಲರನ್ನೂ ಕೇಳಿದಳು. ಕ್ಯಾಷಿಯರ್ ನಾಲ್ಕು ಮೈಕು, ಸ್ಟ್ಯಾಂಡು, ಮಾರುದ್ದದ ವೈರು ಇರುವ ಒಂದನ್ನು ತೋರಿಸಿದ. ಹೊತ್ತೊಯ್ಯಬಹುದಾದದ್ದೇ, ಹೊರಲು ಇಬ್ಬರು ಬೇಕಷ್ಟೆ. ವೈರು ಕಂಡರೆ ಚಿಕ್ಕಮ್ಮನ ಗಂಟಲು ಕಟ್ಟುತ್ತದೆ, ಫೋನಿಟ್ಟರೆ ಹಾಡಿನ ನಡುವೆ ಯಾರದೋ ಕರೆ ಬರುತ್ತದೆ, ಜೇಬಿನಲ್ಲಿ ಹೋಗುವ ರೆಕಾರ್ಡರೇ ಸರಿ ಎಂದು ಮೆಕ್ಯಾನಿಕ್ ವಾದಿಸಿ ಗೆದ್ದ.

ಕೊಳ್ಳಲು ಅವಳ ಜೊತೆ ಹೋದವನೂ ಅವನೇ. ಅಂಗಡಿಯಲ್ಲಿ ಇದ್ದದ್ದು ಒಂದೇ ಇಯರ್‌ಫೋನು. ಒಂದು ಕಿವಿಗೆ ಅವಳು, ಒಂದು ಕಿವಿಗೆ ಇವನು. ವೈರು ಗಿಡ್ಡ, ಆದ್ದರಿಂದ ಅಂತರವೂ ಗಿಡ್ಡ. ಅವಳು ರೆಕಾರ್ಡರನ್ನು ಅವನ ಗಲ್ಲದ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು.

"ನಿಮ್ಮ ಉಸಿರು ಕೂಡ ಕೇಳಿಸ್ತಿದೆ ಇದ್ರಲ್ಲಿ," ಅಂದಳು.

ಆ ಕ್ಷಣದಿಂದ ಅವನಿಗೆ ಉಸಿರಾಡುವುದು ಮರೆತೇಹೋಯಿತು.

ಇಷ್ಟೆಲ್ಲ ಆದ ಮೇಲೆ ಭಾನುವಾರ ಅವಳು ಆ ರೆಕಾರ್ಡರನ್ನು ಇಟ್ಟದ್ದೆಲ್ಲಿ? ಕ್ಯಾಷಿಯರನ ಮೊಣಕಾಲ ಪಕ್ಕ, ಪುಟ್ಟ ಸ್ಟೂಲಿನ ಮೇಲೆ. ಮೆಕ್ಯಾನಿಕ್ಕಿಗೆ ಸಿಕ್ಕಿದ ಜಾಗ ಮೂಲೆಯ ಕನ್ನಡಿ ಬೀರುವಿನ ಹತ್ತಿರ. ಅದರ ಹಲವು ಕನ್ನಡಿಗಳ ತುಂಬ ಅವಳದೇ ಬಿಂಬಗಳು, ಎಲ್ಲವೂ ಪಿಟೀಲಿನ ಕಡೆ ಬಗ್ಗಿದ್ದವು. ಒಬ್ಬಳು ಬಗ್ಗಿದರೆ ಸಹಿಸಬಹುದು. ಅಷ್ಟೊಂದು ಜನ ಬಗ್ಗಿದರೆ ಹೇಗೆ? ಕ್ಯಾಷಿಯರ್ ಏನೋ ಅಂದ, ಬಿಂಬಗಳೆಲ್ಲ ಒಟ್ಟಿಗೆ ನಕ್ಕವು.

ಆಮೇಲೆ ಎಲ್ಲರೂ ಕೇಳಿದರು. ಪಿಟೀಲು ಜೇನಿನ ಹಾಗೆ ಇಳಿಯುತ್ತಿತ್ತು. ಡಬ್ಬಾ ಮಾತ್ರ ಪಕ್ಕದ ಮನೆಯವರು ಮೊಳೆ ಹೊಡೆದ ಹಾಗೆ. ಚೆನ್ನಾಗಿ ಬಂದಿದೆ ಎಂದು ಅವಳು ಹಿಗ್ಗಿದಳು. ಅವಳ ಮನಸ್ಸಿನಲ್ಲಿ ಯಾರು ಹತ್ತಿರ, ಯಾರು ದೂರ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು ಎಂದು ಮೆಕ್ಯಾನಿಕ್ ಮುಖ ಊದಿಸಿಕೊಂಡು ಮನೆಗೆ ಹೋದ.

ಮುಂದಿನ ಭಾನುವಾರ ಅವಳು ಚಹಾ ತರಲು ಒಳಗೆ ಹೋದಾಗ, ಕ್ಯಾಷಿಯರ್ ತಂತಿ ಬಿಗಿಯುವುದರಲ್ಲಿ ಮುಳುಗಿದ್ದಾಗ, ಅವಳು ಆಗಲೇ ಚಾಲೂ ಮಾಡಿಟ್ಟಿದ್ದ ರೆಕಾರ್ಡರನ್ನು ಇವನು ಎತ್ತಿ ತನ್ನ ಕಾಲಬುಡದಲ್ಲಿಟ್ಟು ಕರವಸ್ತ್ರ ಮುಚ್ಚಿದ. ಖಾಲಿ ಸ್ಟೂಲಿನ ಮೇಲೆ ಯಾರದೋ ಚೀಲ ಬಂತು, ಯಾರಿಗೂ ತಿಳಿಯಲಿಲ್ಲ. ಅವತ್ತೇ ಚಿಕ್ಕಮ್ಮ, ಎಷ್ಟು ಕೇಳಿದರೂ ಹಾಡದಿದ್ದ ತಮ್ಮ ತಾಯಿಯ ಜೋಗುಳವನ್ನು ತಾವಾಗಿಯೇ ಎತ್ತಿಕೊಂಡರು. ಕನ್ನಡಕದವಳ ಕಣ್ಣು ತುಂಬಿತು. ತುಂಬಿದ ಕಣ್ಣು ಪಿಟೀಲಿನ ಕಡೆಗೇ ಇದೆ ಎಂದು ಇವನು ಇನ್ನೂ ಜೋರಾಗಿ ಬಡಿದ. ಕೂಟ ಮುಗಿದು ಎಲ್ಲರೂ ಏಳುವಾಗ ರೆಕಾರ್ಡರನ್ನು ಮೆಲ್ಲಗೆ ಸ್ಟೂಲಿಗೆ ಮರಳಿಸಿದ.

ಮರುದಿನ ಅವಳು ಫೋನ್ ಮಾಡಿ ಅಂಗಡಿಗೆ ಬರಲು ಹೇಳಿದಳು. ಬಂದವನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದಳು. ಈ ಸಲ ಎರಡೂ ಕಿವಿಗೆ.

ದಡಬಡ, ದಡಬಡ. ಜೋಗುಳ ಬಾವಿಯ ತಳದಿಂದ ಬಂದಂತಿತ್ತು. ದಡಬಡದ ಮೇಲೆ ಮಾತ್ರ ಒಂದು ದನಿ ಗಂಟೆ ಹೊಡೆದಷ್ಟು ಸ್ಪಷ್ಟ: "ನಕ್ಳು ನಕ್ಳು, ಅವನಿಗೇ ನಕ್ಳು. ಈಕಡೆ ನೋಡೇ, ಈಕಡೆ ನೋಡೇ."

ತಾಳ ಎಲ್ಲೂ ತಪ್ಪಿರಲಿಲ್ಲ.

"ಎದುರಿಗೆ ನೀವು, ತಾವು ಅಂತೀರಿ. ಡಬ್ಬಾ ಮೇಲೆ ಕೂತ್ರೆ ನೋಡೇ ಅಂತೀರಿ," ಅಂದಳು. ಅವಳ ಮುಖದಲ್ಲಿ ನಗುವಿರಲಿಲ್ಲ. "ಚಿಕ್ಕಮ್ಮನ ಹಾಡು ಹೋಯ್ತು ಕಣ್ರೀ. ನಮ್ಮಜ್ಜಿ ಹಾಡು ಅದು."

ನೆಲ ಬಾಯಿಬಿಟ್ಟರೆ ಒಳ್ಳೆಯದಿತ್ತು ಅನ್ನಿಸಿತು ಅವನಿಗೆ. ತಪ್ಪಾಯಿತು ಅಂದ. ಚಿಕ್ಕಮ್ಮನ ಕಾಲಿಗೆ ಬೀಳುತ್ತೇನೆ ಅಂದ. ಆಮೇಲೆ, ಮಾನ ಹೇಗೂ ಹೋಗಿದೆ, ಇನ್ನು ಉಳಿಸಿಕೊಳ್ಳುವುದೇನು ಎಂದು ಕೇಳಿಯೇಬಿಟ್ಟ.

"ಅವನ ಮೊಣಕಾಲ ಹತ್ರ ಯಾಕಿಟ್ರಿ?"

"ಪಿಟೀಲು ಮೆತ್ತಗೆ. ಪಕ್ಕದಲ್ಲಿ ಕೂರೋ ಚಿಕ್ಕಮ್ಮನ ದನಿ ಇನ್ನೂ ಮೆತ್ತಗೆ. ಅವರಿಬ್ಬರ ನಡುವೆ ಇಟ್ಟೆ. ನಿಮ್ಮ ಡಬ್ಬಾ ಹತ್ರ ಇಟ್ರೆ ಬೇರೆ ಯಾರೂ ಕೇಳಿಸಲ್ಲ, ಈಗ ನೋಡಿದ್ರಲ್ಲ."

"ಮತ್ತೆ ನಕ್ಕಿದ್ದು?"

"ಅವ್ರು ಜೋಕ್ ಹೇಳಿದ್ರು. ಚೆನ್ನಾಗಿತ್ತು. ನಗಬಾರದಾ?"

ಅವನು ತಲೆ ತಗ್ಗಿಸಿದ. ಅವಳು ಸಣ್ಣ ಬಟ್ಟೆ ತೆಗೆದು, ಆಗಲೇ ಒರೆಸಿಟ್ಟಿದ್ದ ಕನ್ನಡಕವನ್ನು ಮತ್ತೆ ಒರೆಸತೊಡಗಿದಳು.

"ರೂಮಲ್ಲಿ ಅಷ್ಟು ಜನ ಇದ್ರೂ ನನ್ನ ಕಿವಿಗೆ ಬೀಳೋದು ನೀನೊಬ್ಬನೇ," ಅಂದಳು, ಗಾಜಿಗೆ ಹೇಳುವ ಹಾಗೆ. "ಉಳಿದವರನ್ನೂ ಒಂದ್ಸಲ ಕೇಳೋಣ ಅಂತಾನೇ ಆ ಮಿಷಿನ್ ತಗೊಂಡಿದ್ದು."

ಲಿಫ್ಟ್ ಮೆಕ್ಯಾನಿಕ್ಕಿಗೆ ಮೇಲೆ ಹೋಗುವುದು, ಕೆಳಗೆ ಬರುವುದು ಎರಡೂ ಅಭ್ಯಾಸವೇ. ಒಂದೇ ಕ್ಷಣದಲ್ಲಿ ಎರಡೂ ಆದದ್ದು ಇದೇ ಮೊದಲು.

ಚಿಕ್ಕಮ್ಮ ಕ್ಷಮಿಸಿದರು, ಷರತ್ತು ಹಾಕಿ. ಹೊರಡುವ ಮೊದಲು ಜೋಗುಳವನ್ನು ಇನ್ನೊಮ್ಮೆ ಹಾಡುತ್ತೇನೆ, ಆದರೆ ಈ ಮಹಾರಾಯ ಡಬ್ಬಾ ಸಮೇತ ಷಟರಿನಾಚೆ ಮೆಟ್ಟಿಲ ಮೇಲೆ ಕೂರಬೇಕು ಅಂದರು. ಕೂತ. ಹಾಡು ಶುರುವಾಯಿತು. ರಸ್ತೆಯವರು ಇವನನ್ನು ವಿಚಿತ್ರವಾಗಿ ನೋಡಿಕೊಂಡು ಹೋದರು. ಇವನು ಬೆರಳ ತುದಿಯಲ್ಲಿ, ಬಾಯಿ ಬಿಗಿದು, ಮೆಲ್ಲಗೆ ಬಾರಿಸಿದ.

ಎರಡನೇ ಸಾಲಿನ ನಡುವೆ ಒಳಗಿಂದ ಏನೋ ಎಳೆದ ಸದ್ದು. ತಲೆ ತಗ್ಗಿಸಿ ಷಟರಿನಡಿ ನುಸುಳಿ, ಸ್ಟೂಲೊಂದನ್ನು ಎಳೆದುಕೊಂಡು ಅವಳು ಬಂದಳು. ಮೆಟ್ಟಿಲ ಪಕ್ಕ ಹಾಕಿ ಕೂತಳು. ಅವಳ ಸೆರಗಿನ ಅಂಚು ಅವನ ಡಬ್ಬಾದ ಮೇಲೆ ಬಿತ್ತು. ಇಬ್ಬರೂ ಅದನ್ನು ಸರಿಸಲಿಲ್ಲ.

ಮುಗಿದ ಮೇಲೆ ಎಲ್ಲರೂ ಕೇಳಿದರು. ಜೋಗುಳ ತಿಳಿಯಾಗಿ ಬಂದಿತ್ತು, ನಡುವೆ ಸ್ಟೂಲು ಕಿರ್ರೆಂದದ್ದೂ ಅಷ್ಟೇ ತಿಳಿಯಾಗಿ. ಅದೊಂದನ್ನು ಕಂಪ್ಯೂಟರಿನಲ್ಲಿ ಅಳಿಸಿಕೊಡುತ್ತೇನೆ ಎಂದು ಕ್ಯಾಷಿಯರ್ ಮುಂದೆ ಬಂದ.

"ಇರಲಿ ಬಿಡಪ್ಪ," ಅಂದರು ಚಿಕ್ಕಮ್ಮ. "ಇವಳು ಯಾವಾಗ ಎದ್ದು ಹೋಗಿ ಅವನ ಪಕ್ಕ ಕೂರ್ತಾಳೋ ಅಂತ ಕಾದು ಕಾದು ನನಗೆ ಸಾಕಾಗಿತ್ತು."