ಜಗಲಿಯ ಮೇಲೆ ಬೋರಲು ಹಾಕಿದ ಲೋಟ

“ರಾಜು ಮೇಷ್ಟ್ರೇ, ಸಂಕೋಚ ಪಟ್ಕೋಬೇಡಿ. ಇನ್ನೊಂದು ಲೋಟ ಕಾಫಿ ಕೊಡ್ಲಾ?”

ಅಮ್ಮ ತಿರುಮಲಮ್ಮ ಹೀಗೆ ಉಪಚರಿಸುವುದನ್ನು ಕಂಡು ರಂಗನಾಯಕಿಗೆ ಜೀವವೇ ಬಂದಂತಾಗಿತ್ತು.

ಅವಳೂ ಸಿದ್ದರಾಜುವೂ ಮದ್ದೂರಿನ ಒಂದೇ ಶಾಲೆಯಲ್ಲಿ ಪಾಠ ಹೇಳುವವರು. ಸಿದ್ದರಾಜು ಆತಗೂರಿನ ಹೊಲಗೇರಿಯವನು. ರಂಗನಾಯಕಿಗೆ ಅದು ಗೊತ್ತಿತ್ತು. ಅಮ್ಮನಿಗೆ ಮಾತ್ರ ಗೊತ್ತಿರಲಿಲ್ಲ. ‘ಮೊದಲು ಅಮ್ಮ ನಿಮ್ಮನ್ನ ಮೆಚ್ಚಿಕೊಳ್ಳಲಿ, ಆಮೇಲೆ ನಾನೇ ಹೇಳ್ತೀನಿ’ ಅಂದಿದ್ದಳು.

ಆದರೆ ಆದದ್ದೇ ಬೇರೆ!

ಕಾಫಿ ಕುಡಿದು ಮುಗಿಸಿದ ಸಿದ್ದರಾಜು ಮಾತಾಡುತ್ತಲೇ ಎದ್ದ. ನಲ್ಲಿಯ ಹತ್ತಿರ ಹೋಗಿ ತಾನೇ ಲೋಟ ತೊಳೆದ. ಜಗಲಿಯ ಅಂಚಿನಲ್ಲಿ ಬೋರಲು ಹಾಕಿದ. ಚಿಕ್ಕಂದಿನಿಂದ ಊರ ದೊಡ್ಡವರ ಮನೆಗಳಲ್ಲಿ ಹಾಗೇ ಮಾಡಿದ ಕೈ ಅದು. ಬಿ.ಎ. ಓದಿದರೂ ಮರೆತಿರಲಿಲ್ಲ.

ತಿರುಮಲಮ್ಮನ ಮುಖ ಕಪ್ಪಿಟ್ಟಿತು.

“ಯಾವ ಕೇರಿಯವನೇ ಇವನು? ನಿಂಗೆ ಗೊತ್ತಿತ್ತೇನೇ?”

“ಇಲ್ಲಮ್ಮ... ನಿಮ್ಮಾಣೆ, ನಂಗೆ ಗೊತ್ತಿರಲಿಲ್ಲ!”

ಅಯ್ಯೋ ಹುಡುಗೀ! ಆ ಮಾತು ನಿನ್ನ ಬಾಯಿಗೆ ಹೇಗೆ ಬಂತೇ?

ಸಿದ್ದರಾಜು ಅವಳನ್ನೊಮ್ಮೆ ನೋಡಿದ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ.

ರಂಗನಾಯಕಿ ರಾತ್ರಿಯೆಲ್ಲ ಅತ್ತಳು. ಬೆಳಿಗ್ಗೆ ಅಮ್ಮ ಆ ಲೋಟವನ್ನು ಕಡ್ಡಿಯಿಂದ ತಳ್ಳಿಕೊಂಡು ಹೋಗಿ ತಿಪ್ಪೆಗೆ ಹಾಕುತ್ತಿದ್ದಳು. ರಂಗನಾಯಕಿ ಅಡ್ಡ ಬಂದು ನಿಂತಳು.

“ನಂಗೆ ಗೊತ್ತಿತ್ತಮ್ಮ! ಮೊದಲಿಂದ್ಲೂ ಗೊತ್ತಿತ್ತು! ನಾನು ಅವರನ್ನೇ ಮದುವೆ ಆಗೋದು!”

ಅವತ್ತೇ ಆತಗೂರಿನಲ್ಲಿ ಬಸ್ಸಿಳಿದು, ಕೇಳಿಕೊಂಡು ಮನೆ ಹುಡುಕಿದಳು. ಬಾಗಿಲಲ್ಲೇ ಸಿದ್ದರಾಜುವಿನ ತಾಯಿ ಪುಟ್ಟಮಾದಮ್ಮ ಎದುರಾದಳು.

“ನಮ್ ಉಡ್ಗುನ್ನ ಅಳಿಸ್ದೋಳು ನೀನೇಯಾ?”

“ಹೌದಮ್ಮ... ನಾನೇ.”

ಮುದುಕಿ ಅವಳ ಊದಿದ ಕಣ್ಣು ನೋಡಿದಳು. “ಬಿಸ್ಲಲ್ಲಿ ಬಂದಿದ್ದೀಯ, ಕುಂತ್ಕೊ ಕಣವ್ವ. ನಮ್ಮನೆ ನೀರು ಕುಡ್ದೀಯಾ?”

ರಂಗನಾಯಕಿ ಗಟಗಟನೆ ಕುಡಿದಳು. ಸಿದ್ದರಾಜು ಹೊರಗೆ ಬಂದು ಕಂಬಕ್ಕೆ ಒರಗಿ ನಿಂತ.

“ನಿಮ್ಮಮ್ಮ ಬೈದಿದ್ರೆ ತಡ್ಕೊತಿದ್ದೆ. ಅದು ನಂಗೆ ಹೊಸದಲ್ಲ. ಆದ್ರೆ ನೀವು... ಗೊತ್ತಿಲ್ಲ ಅಂದ್ರಲ್ಲ!”

“ಹೆದರಿಬಿಟ್ಟೆ. ಈಗ ಗೊತ್ತಿತ್ತು ಅಂತ ಹೇಳಿ ಬಂದೆ.”

“ಏನಂದ್ರು?”

“ಇನ್ನು ಬರಬೇಡ ಅಂತ... ಬಾಗಿಲು ಹಾಕ್ಕೊಂಡ್ರು.” ಅವಳು ಮುಖ ತಿರುಗಿಸಿದಳು. ಅಮ್ಮನ ಮುಖ ಇನ್ನು ಯಾವತ್ತು ನೋಡುತ್ತೀನೋ!

ಅಳು ಮರೆಸಲು ಎದ್ದು ಲೋಟ ತೊಳೆದಳು. ಜಗಲಿಯ ಅಂಚಿನಲ್ಲಿ ಬೋರಲು ಹಾಕಲು ಬಗ್ಗಿದಳು. ಸಿದ್ದರಾಜು ಓಡಿಬಂದು ಕೈ ಹಿಡಿದ.

“ಬೇಡ! ಇಲ್ಲಿ ಯಾರ ಲೋಟಾನೂ ಹೊರಗಿಡಲ್ಲ. ಎಲ್ಲಾ ಒಳಗೆ, ಒಟ್ಟಿಗೆ.”

“ನಂದೂ...?”

ಲೋಟವನ್ನು ಅವಳ ಕೈಯಿಂದ ತೆಗೆದುಕೊಂಡ. ಕಣ್ಣೊರೆಸಿಕೊಂಡ.

“ನಿಂದೂನು, ರಂಗಿ. ಒಳಗೆ ಬಾ.”