ಗುಡ್ಡದ ತುದಿಯವರೆಗೆ

"ಎಳೆಯೋದು ದೊಡ್ಡ ವಿಷಯ ಅಲ್ಲ," ಎಂದು ಅಪ್ಪ ಬೆಳಿಗ್ಗೆಯೇ ಹೇಳಿದ್ದ. "ಇಳಿಜಾರಿನಲ್ಲಿ ತಡೆದು ಹಿಡಿಯೋದು ಕಷ್ಟ. ನಮ್ಮ ಗಾಡಿ ಸಣ್ಣದು. ದೋಣೀನ ಗುಡ್ಡದ ತುದಿವರೆಗೆ ಬಿಟ್ಟು ವಾಪಸ್ ಬಾ. ಆಚೆ ಇಳಿಸೋಕೆ ದೊಡ್ಡ ಲಾರಿ ಬರುತ್ತೆ."

ಅವಳು ತಲೆಯಾಡಿಸಿ ಗಾಡಿ ಹತ್ತಿದ್ದಳು. ಜ್ಯಾಕ್ ಜಾರಿ ಅಪ್ಪನ ಕಾಲು ನಜ್ಜುಗುಜ್ಜಾದಾಗಿನಿಂದ ಆ ಸಣ್ಣ ಟ್ರಕ್ಕು ಅವಳ ಕೈಯಲ್ಲೇ ಇತ್ತು. ಕಾರ್ಖಾನೆಯಿಂದ ಮೀನುದೋಣಿಗಳು ನಿಲ್ಲುವ ದಕ್ಕೆಗೆ ಐಸ್ ಹೊರುವುದು ಅದರ ಕೆಲಸ. ಐಸ್ ಗಡ್ಡೆ ಜಾರದಿರಲಿ ಎಂದು ನಿಧಾನ ಓಡಿಸುವವಳಿಗೆ ದಕ್ಕೆಯ ಜನ ಫಸ್ಟ್ ಗೇರ್ ಎಂದು ಹೆಸರಿಟ್ಟಿದ್ದರು.

ಇವತ್ತು ಟ್ರಕ್ಕಿನ ಹಿಂದೆ ಟ್ರೈಲರಿನ ಮೇಲೆ ಒಂದು ಮೀನಿನ ದೋಣಿ. ಪಕ್ಕದ ಸೀಟಿನಲ್ಲಿ ಅದರ ಒಡೆಯ. ಯಾರು ಏನೇ ಅಂದರೂ ಸುಮ್ಮನೆ ನಿಂತಿರುತ್ತಾನೆಂದು ಅವನಿಗೂ ಒಂದು ಹೆಸರಿತ್ತು, ಗೂಟ.

"ಹಿಂದೆ ಒಂದು ಆಮೆ ಹಾರ್ನ್ ಹೊಡೀತಾ ಇದೆ. ದಾರಿ ಬಿಡು," ಎಂದ ಗೂಟ.

"ಇಳಿದು ಅದರ ಮೇಲೆ ಹತ್ತಿಕೋ."

ಅವನು ನಕ್ಕ. ಅವಳು ನಗಲಿಲ್ಲ, ಆದರೆ ಕನ್ನಡಿ ಸರಿಪಡಿಸುವ ನೆಪದಲ್ಲಿ ಅವನ ಕಡೆ ನೋಡಿದಳು. ಅವನು ಕಿಟಕಿಯ ಆಚೆ ನೋಡುತ್ತಿದ್ದ. ಕುತ್ತಿಗೆಯ ಹಿಂದೆ ಬಿಸಿಲಿಗೆ ಸುಲಿದ ಚರ್ಮ. ಇದನ್ನು ನಾಳೆಯಿಂದ ನೋಡಬೇಕಿಲ್ಲ ಎಂದುಕೊಂಡಳು. ಸಮಾಧಾನವೇನೂ ಆಗಲಿಲ್ಲ.

ಕಡಲ ದಡದ ಹತ್ತಿರ ಸಣ್ಣ ದೋಣಿಗಳಿಗೆ ಮೀನು ಸಿಗುತ್ತಿಲ್ಲ, ಗುಡ್ಡದ ಆಚೆಯ ದೊಡ್ಡ ಕೆರೆಗೆ ಹೋಗ್ತೀನಿ ಎಂದು ಅವನು ಎಲ್ಲರಿಗೂ ಹೇಳಿದ್ದ. ಅದು ಸುಳ್ಳಲ್ಲ. ಆದರೆ ಅವನ ಅಕ್ಕ ಸಂಬಂಧ ಕೇಳಲು ಇವಳ ಮನೆಗೆ ಬಂದು ಹೋದಮೇಲೇ ಈ ಯೋಚನೆ ಶುರುವಾಗಿದ್ದು. ಆ ದಿನ ಅವಳು ಐಸ್ ಹೊತ್ತು ಹೋಗಿದ್ದಳು. ಮನೆಗೆ ಬಂದಾಗ ಅಪ್ಪ ಹೇಳಿದ್ದ, "ಬಂದಿದ್ರು, ಹೋದ್ರು. ಯಾಕೋ ಅವರಿಗೇ ಮುಂದುವರಿಸೋ ಮನಸ್ಸಿಲ್ಲ." ಆಮೇಲೆ ಅವಳು ದಕ್ಕೆಯಲ್ಲಿ ಅವನ ದೋಣಿಗೆ ಐಸ್ ಇಳಿಸುವಾಗ ತಲೆ ಎತ್ತುವುದನ್ನೇ ಬಿಟ್ಟಿದ್ದಳು.

ಸಮತಟ್ಟಾದ ರಸ್ತೆಯಲ್ಲಿ ಬಸ್ಸೊಂದು ಪಕ್ಕದಿಂದ ನುಗ್ಗಿತು. ಅದರ ಗಾಳಿಗೆ ದೋಣಿ ಬಲಕ್ಕೆ ವಾಲಿತು, ಆಮೇಲೆ ಎಡಕ್ಕೆ. ನಿಲ್ಲಲಿಲ್ಲ. ಒಂದೊಂದು ಸಲವೂ ಮೊದಲಿಗಿಂತ ಹೆಚ್ಚಾಗಿ ಟ್ರಕ್ಕಿನ ಹಿಂಭಾಗವನ್ನು ಹಿಡಿದು ಜಗ್ಗಿತು.

"ಬ್ರೇಕ್ ಹಾಕು," ಎಂದ.

ಅವಳು ಹಾಕಲಿಲ್ಲ. ಹಾಕಿದ್ದರೆ ದೋಣಿ ಟ್ರಕ್ಕನ್ನೇ ಅಡ್ಡ ತಿರುಗಿಸಿ ಬೀಳಿಸುತ್ತಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ನೇರವಾಗಿ ಹಿಡಿದು ಕೂತಳು. ವೇಗ ಕಡಿಮೆಯಾದಂತೆ ಓಲಾಟವೂ ತಗ್ಗಿತು. ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಳು.

ಇಳಿದು ದೋಣಿಯೊಳಗೆ ಇಣುಕಿದಳು. ಇಂಜಿನ್ನು ಹೇಗೂ ಹಿಂದೆ. ಲಂಗರು, ಬಲೆ, ಡೀಸೆಲ್ ಕ್ಯಾನುಗಳನ್ನೂ ಹಿಂದೆಯೇ ಪೇರಿಸಲಾಗಿತ್ತು.

"ಇದನ್ನ ತುಂಬಿದ್ದು ಯಾರು?"

"ನಾನೇ. ದೋಣಿ ಮೂತಿ ಹಗುರ ಇರಬೇಕು. ಅಲೆ ಹತ್ತಬೇಕಲ್ಲ."

"ಟಾರು ರಸ್ತೆಯಲ್ಲಿ ಎಲ್ಲಿದೆಯೋ ಅಲೆ? ಭಾರ ಮುಂದಿರಬೇಕು, ಕೊಂಡಿ ಮೇಲೆ ಕೂರಬೇಕು. ಇಲ್ಲಾಂದ್ರೆ ನಮ್ಮನ್ನೂ ಕಟ್ಕೊಂಡು ಹಳ್ಳಕ್ಕೆ ಹೋಗುತ್ತೆ."

ಅವನು ದೋಣಿ ಹತ್ತಿದ. ಅವಳೂ ಹತ್ತಿದಳು. ಲಂಗರನ್ನು ಇಬ್ಬರೂ ಹಿಡಿದು ಮುಂದಕ್ಕೆ ಸಾಗಿಸಿದರು. ಇಕ್ಕಟ್ಟಿನಲ್ಲಿ ಅವನ ಭುಜ ಅವಳ ಭುಜಕ್ಕೆ ತಾಗಿತು. ಇಬ್ಬರೂ ಸರಿಯಲಿಲ್ಲ. ಲಂಗರು ಕೆಳಗಿಟ್ಟ ಮೇಲೂ ಸರಿಯಲಿಲ್ಲ.

"ನಿನ್ನ ಗಾಡೀನೇ ಕೇಳಬಾರದಿತ್ತು ನಾನು," ಎಂದ. "ಹೋಗೋ ಮೊದಲು ಒಂದು ಸಲ ಪಕ್ಕದಲ್ಲಿ ಕೂರೋಣ ಅನ್ನಿಸ್ತು. ಮನಸ್ಸಿಲ್ಲದವರಿಗೆ ಹಿಂಸೆ ಅದು."

"ಅಡ್ಡಗೋಡೆ ಮೇಲೆ ದೀಪ ಇಡಬೇಡ. ಯಾರಿಗೆ ಮನಸ್ಸಿಲ್ಲ?"

"ನಿನಗೆ. ಮಗಳು ಬೇಡ ಅಂದಳು ಅಂತ ನಿಮ್ಮಪ್ಪ ಅಕ್ಕನಿಗೆ ಹೇಳಿದ್ರಲ್ಲ."

ಅವಳು ಬಲೆಯ ರಾಶಿಯ ಮೇಲೆ ಕೂತುಬಿಟ್ಟಳು. ಮೀನಿನ ವಾಸನೆ ಮೂಗಿಗೆ ಅಡರಿತು. ಲಾರಿಗಳು ಹಾದು ಹೋಗುತ್ತಿದ್ದವು.

"ನನಗೆ ಹೇಳಿದ್ದೇ ಬೇರೆ," ಎಂದಳು ಕೊನೆಗೆ. "ಹಿಂದೆ ಸರಿದದ್ದು ನೀವು ಅಂತ."

ಅವನು ಬಾಯಿ ತೆರೆದ. ಅವಳು ಕೈ ಅಡ್ಡ ಹಿಡಿದಳು. "ಈಗ ಏನೂ ಕೇಳಬೇಡ. ಅಪ್ಪನ ಮೇಲೆ ಸಿಟ್ಟು ಬಂದಿದೆ. ಸಿಟ್ಟಲ್ಲಿ ಹೂಂ ಅಂದ್ರೆ ಅದು ಅವನಿಗೆ ಕೊಟ್ಟ ಏಟು ಆಗುತ್ತೆ, ನಿನಗೆ ಕೊಟ್ಟ ಉತ್ತರ ಆಗಲ್ಲ."

ಏರು ದಾರಿ ಶುರುವಾಯಿತು. ಟ್ರಕ್ಕು ಏದುಸಿರು ಬಿಡುತ್ತ ಹತ್ತಿತು. ತುದಿಯಲ್ಲಿ ದೊಡ್ಡ ಲಾರಿ ಕಾಯುತ್ತಿತ್ತು. ಕೊಂಡಿ ಬಿಚ್ಚುವಾಗ ಅವನ ಬೆರಳು ಅವಳ ಮಣಿಕಟ್ಟಿನ ಮೇಲೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ಉಳಿಯಿತು. ಲಾರಿಯವನು, "ಸಂಜೆ ಆಗೋದ್ರೊಳಗೆ ಇಳಿಯೋಣ ಸ್ವಾಮಿ," ಎಂದು ಕೆಮ್ಮಿದ. ಗೂಟ ಲಾರಿ ಹತ್ತಿದ. ತಿರುವಿನವರೆಗೂ ತಿರುಗಿ ನೋಡುತ್ತಲೇ ಇದ್ದ.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ.

"ಬೇಡ ಅಂತ ನಾನು ಯಾವಾಗ ಅಂದೆ ಅಪ್ಪಾ?"

ಅಪ್ಪ ಟ್ರಕ್ಕಿನ ಚಕ್ರದ ಕಡೆ ನೋಡಿದ, ಅವಳ ಕಡೆ ನೋಡಲಿಲ್ಲ. "ನೀನೂ ಹೋದ್ರೆ ನನಗೆ ಯಾರಿದ್ದಾರೆ," ಎಂದ.

"ಅದನ್ನೇ ಹೇಳಬೇಕಿತ್ತು. ಅದು ನಿನ್ನ ಮಾತು. ಬೇಡ ಅನ್ನೋದಿದ್ರೆ ಅದು ನಾನು ಹೇಳಬೇಕಾದ ಮಾತು." ಫೋನು ಅವನ ಕೈಗಿಟ್ಟಳು. "ಸರಿ ಮಾಡು."

ಅಪ್ಪ ಗೂಟನ ನಂಬರ್ ಒತ್ತಿದ. "ದೋಣಿ ಸರಿಯಾಗಿ ಇಳೀತಾ?" ಎಂದು ಕೇಳಿದ. ಆಮೇಲೆ ಗಂಟಲು ಸರಿಮಾಡಿಕೊಂಡು, "ಅವಳು ಬೇಡ ಅಂದಿರಲಿಲ್ಲ. ನಾನೇ ಅಂದಿದ್ದು," ಎಂದ.

ಆಚೆಯಿಂದ ಗೂಟ ಹೇಳಿದ, "ಅವಳಿಗೆ ಕೊಡಿ."

ಅವಳು ಫೋನು ತೆಗೆದುಕೊಂಡಳು.

"ಈಗ ಕೇಳಬಹುದಾ?" ಎಂದ. "ನೀನು ಏನಂತೀಯ?"

ಈ ಪ್ರಶ್ನೆಯನ್ನು ಇಲ್ಲಿಯವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ. ಉತ್ತರ ಸಿದ್ಧವಿತ್ತು.

"ಹೂಂ," ಎಂದಳು. "ಹೂಂ ಅಂತೀನಿ. ಆದರೆ ನಾನೊಬ್ಬಳೇ ಬರಲ್ಲ. ಅಪ್ಪನೂ ಬರ್ತಾನೆ."

"ನನ್ನನ್ನ ಕೇಳದೆ ನೀನು ಹೇಗೆ ಹೇಳ್ತೀಯ?" ಎಂದ ಅಪ್ಪ.

ಅವಳು ಫೋನನ್ನು ಕಿವಿಯಿಂದ ಇಳಿಸಿ ಅವನ ಮುಂದೆ ನೆಲದ ಮೇಲೆ ಕೂತಳು. "ಈಗ ಕೇಳ್ತಿದ್ದೀನಿ."

ಅಪ್ಪ ಸೊಟ್ಟ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಇನ್ನೊಂದು ಕಡೆಗಿಟ್ಟುಕೊಂಡ. ಅಂಗಳದ ಟ್ರಕ್ಕಿನ ಕಡೆ ನೋಡಿದ.

"ಆ ಕೆರೆ ಕಡೆ," ಎಂದು ಕೇಳಿದ, "ದೋಣಿಗಳಿಗೆ ಐಸ್ ಯಾರು ಹಾಕ್ತಾರೆ?"