ಎಡ ಕಿಡ್ನಿಯ ನಾಳ

“ಮೈಮ್ಯಾಲಿಂದು ಎಲ್ಲಾ ತೆಗೀಬೇಕ್ರಿ. ಗಡಿಯಾರ, ಉಡದಾರ, ಕೊರಳಾಗಿಂದೂ,” ಎಂದು ನಾಗರತ್ನಾ ಫೈಲು ತಿರುವುತ್ತಲೇ ಹೇಳಿದಳು. ತಲೆಯೆತ್ತಿದರೆ ಎದುರಿಗೆ ರೇವಣಸಿದ್ದ.

ಐದು ವರ್ಷವಾಗಿತ್ತು. ಆಡಕಿ ಊರಿನಿಂದ ಅವನ ಮನೆಯವರು ಅವಳನ್ನು ಹೆಣ್ಣು ಕೇಳಲು ಬಂದ ದಿನ, ಎರಡೂ ಮನೆಯ ಬೆಡಗು, ಅಂದರೆ ಗೋತ್ರ, ಒಂದೇ ಎಂದು ತಿಳಿದು ಹಿರಿಯರು ಚಹಾ ಕುಡಿಯದೆ ಎದ್ದಿದ್ದರು. “ಅಣ್ಣ-ತಂಗಿ ಆಗ್ತೀರಿ” ಎಂದಿದ್ದರು.

ಈಗ ಅವನು ಹೆಂಡತಿಗೆ ಕಿಡ್ನಿ ಕೊಡಲು ಹೊರಟಿದ್ದ. ಕಿಡ್ನಿಯ ರಕ್ತನಾಳಗಳು, ಅವುಗಳಲ್ಲಿ ರಕ್ತ ಹರಿಯುವ ಬಗೆ ನೋಡಲು ಶಹಾಬಾದಿನ ಈ ಸೆಂಟರಿನಲ್ಲಿ ಎಂಆರ್‌ಐ. ಅದನ್ನು ಮಾಡಬೇಕಾದ ಟೆಕ್ನೀಷಿಯನ್ ನಾಗರತ್ನಾಳೇ.

ಅವನು ಕೊರಳಿನ ಇಷ್ಟಲಿಂಗದ ಬೆಳ್ಳಿ ಕರಡಿಗೆ ಬಿಚ್ಚಿದ. “ಲಿಂಗ ಟೇಬಲ್ ಮ್ಯಾಲ ಇಡಂಗಿಲ್ಲ. ನೀ ಹಿಡಕೋ.”

“ಹೊರಗ ನಿಮ್ಮ ಮನೆಯವರು ಕುಂತಾರಲ್ಲ?”

“ಆಕಿ ಕೈ ಸೂಜಿ ಚುಚ್ಚಿ ಚುಚ್ಚಿ ಬಾತಾವ.”

“ಪರರ ಕೈಯಾಗ ಕೊಡಬಾರದಂತಾರ.”

“ಪರರ ಕೈಯಾಗ ಯಾರು ಕೊಟ್ಟಾರ?” ಎಂದವನು ಅವಳ ಮುಖವನ್ನು ನೋಡದೆ ಒಳಗೆ ಹೋದ.

ಕರಡಿಗೆಯಲ್ಲಿದ್ದ ಅವನ ಎದೆಯ ಬಿಸುಪು ಅವಳ ಎಡ ಅಂಗೈಯಲ್ಲಿ ಉಳಿಯಿತು. “ಉಸಿರು ಹಿಡೀರಿ,” ಎಂದಳು ಮೈಕಿನಲ್ಲಿ. ಪರದೆಯ ಕಪ್ಪಿನಲ್ಲಿ ಅವನ ನೆತ್ತರು ಬೆಳ್ಳಗೆ ಟಿಸಿಲೊಡೆಯಿತು. ಒಂದು ದಿನವೂ ಅವನ ಕೈ ಹಿಡಿಯದವಳು ಅವನ ಒಳಗನ್ನೆಲ್ಲ ನೋಡುತ್ತಿದ್ದಳು. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣವಿತ್ತಂತೆ, ಅಜ್ಜಿ ಹೇಳುತ್ತಿದ್ದಳು. ಫೈಲಿನಲ್ಲಿ ಹೆಂಡತಿಯೆಂದು ಬರೆದಿದ್ದ ಭಾಗ್ಯಶ್ರೀ ಎಂಬ ಹೆಂಗಸಿನ ಪ್ರಾಣ ಇವನ ಎಡ ಕಿಡ್ನಿಯಲ್ಲಿತ್ತು.

ಆ ಕಿಡ್ನಿಯ ನಾಳದ ಚಿತ್ರವೇ ಕದಡಿತ್ತು. ನಡುವೆ ಅವನು ಉಸಿರಾಡಿದ್ದ. ಇನ್ನೊಮ್ಮೆ ತೆಗೆಯದೆ ಹಾಗೆಯೇ ಕಳಿಸಿದರೆ ಡಾಕ್ಟರು ಒಪ್ಪುವುದಿಲ್ಲ. ಮತ್ತೆ ತಾರೀಖು ಸಿಗಲು ತಿಂಗಳು ಬೇಕು. ಭಾಗ್ಯಶ್ರೀಗೆ ಅಷ್ಟು ದಿನವಿಲ್ಲವೆಂದು ಫೈಲು ಹೇಳುತ್ತಿತ್ತು. ನಾಗರತ್ನಾಳ ಬೆರಳು ಕಳಿಸುವ ಗುಂಡಿಯ ಮೇಲೆ ನಿಂತಿತು. ನಿಂತೇ ಇತ್ತು.

ಬಾಗಿಲು ಸರಿಯಿತು. ಬಾತ ಮುಖದ ಹೆಂಗಸೊಬ್ಬಳು ಇಣುಕಿದಳು. “ಅಕ್ಕಾ, ನಾ ಭಾಗ್ಯಶ್ರೀ. ಇವರಿಗಿ ತ್ರಾಸ ಆಗೋದಿದ್ರ ಕಿಡ್ನಿ ಕೂಡಂಗಿಲ್ಲಂತ ಬರದ್ಬಿಡ್ರಿ. ನಾ ಅಂದೀನಂತ ಹೇಳಬ್ಯಾಡ್ರಿ. ಭಾಳ ಹಟಮಾರಿ ಅದಾರ, ನಿಮಗ ಗೊತ್ತಿಲ್ಲ.”

ನಾಗರತ್ನಾ ಮೈಕಿಗೆ ಬಾಗಿದಳು. “ಇನ್ನೊಮ್ಮೆ. ಈ ಸಲ ಅಲ್ಲಾಡಬ್ಯಾಡ.”

ಎರಡನೆಯ ಚಿತ್ರದಲ್ಲಿ ನಾಳ ಎಲ್ಲಿಯೂ ಕಿರಿದಾಗದೆ, ನಿಚ್ಚಳವಾಗಿ ಮೂಡಿತು. ಡಾಕ್ಟರು ನೋಡುವ ಮುಂಚೆ ಯಾರಿಗೂ ಏನೂ ಹೇಳಬಾರದೆಂಬುದು ಸೆಂಟರಿನ ನಿಯಮ.

“ನಾಳ ಛಲೋ ಅದ,” ಎಂದಳು ನಾಗರತ್ನಾ, ಬಾಗಿಲಲ್ಲೇ ನಿಂತಿದ್ದವಳಿಗೆ. “ಡಾಕ್ಟರು ಒಪ್ಪತಾರ. ಹೋಗಿ ಕುಂದ್ರು ತಂಗಿ, ನಿನ್ನ ಗಂಡ ಈಗ ಬರ್ತಾನ.”

‘ನಿನ್ನ ಗಂಡ’. ಐದು ವರ್ಷದಲ್ಲಿ ಅವನನ್ನು ಇನ್ನೊಬ್ಬಳ ಗಂಡನೆಂದು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.